ಊರಿಗೆ ವಾಪಸ್ ಬಂದು ಶೇಂಗಾ ಬೇಸಾಯ ಶುರು ಮಾಡಬೇಕು ಅಂತಿದ್ದೇನೆ: ಅಂಕೋಲಾ ಕಡೆ ಮೂರು ಎಕರೆ, ಹೇಗೆ ಹೊರಡಲಿ?

ಅಂಕೋಲಾ ಹುಡುಗ | ಅಕ್ಟೋಬರ್ 5

ಎಲ್ಲರಿಗೂ ನಮಸ್ಕಾರ. ಹನ್ನೊಂದು ವರ್ಷ ಗೋವಾದಲ್ಲಿ ಕೆಲಸದಲ್ಲಿದ್ದೆ. ಚೌತಿಗೆ ಊರಿಗೆ ಬಂದವನು ವಾಪಸ್ ಹೋಗಲಿಲ್ಲ. ಅಪ್ಪನಿಗೆ ಮೊಣಕಾಲು ನೋವು, ಗದ್ದೆಗೆ ಇಳಿಯಲು ಆಗುತ್ತಿಲ್ಲ. ಗದ್ದೆ ಹಡಿಲು ಬೀಳುವುದನ್ನು ನೋಡಿಕೊಂಡಿರಲು ನನಗೂ ಮನಸ್ಸಿಲ್ಲ.

ನಮ್ಮದು ಒಟ್ಟು ಮೂರು ಎಕರೆ. ಒಂದು ಎಕರೆ ಮನೆ ಹತ್ತಿರದ ಮಕ್ಕಿ ಗದ್ದೆ, ಅಂದರೆ ಎತ್ತರದ ಗದ್ದೆ, ಮರಳು ಮಣ್ಣು. ಇನ್ನೊಂದು ಕೆಳಗಿನ ಬೈಲು, ಜಿಗುಟು ಮಣ್ಣು. ಉಳಿದದ್ದು ಗಜನಿಯ, ಅಂದರೆ ಉಪ್ಪುನೀರು ಹತ್ತುವ ತಗ್ಗು ಗದ್ದೆಯ, ಅಂಚಿಗೆ. ಮಳೆಗಾಲದಲ್ಲಿ ಮೂರರಲ್ಲೂ ಭತ್ತ. ಆಮೇಲೆ ಅಪ್ಪ ಮನೆ ಖರ್ಚಿಗೆ ಸ್ವಲ್ಪ ಉದ್ದು, ಸ್ವಲ್ಪ ಶೇಂಗಾ ಹಾಕುತ್ತಿದ್ದರು. ಮಕ್ಕಿ ಗದ್ದೆಯ ತುದಿಯಲ್ಲಿ ಒಂದು ಬಾವಿ ಇದೆ, 2 ಎಚ್.ಪಿ. ಪಂಪು ಇದೆ.

ನನ್ನ ಯೋಚನೆ ಹೀಗೆ. ಭತ್ತ ಕೊಯ್ದ ಮೇಲೆ ಮೂರೂ ಎಕರೆಗೆ ಶೇಂಗಾ ಹಾಕುವುದು. ಉಳಿಸಿಟ್ಟ ನಾಲ್ಕು ಲಕ್ಷದಲ್ಲಿ ಒಂದು ಮರದ ಗಾಣ ಕೊಂಡು, ಎಣ್ಣೆ ತೆಗೆದು, ನಮ್ಮದೇ ಹೆಸರಲ್ಲಿ ಮಾರುವುದು. ಒಂದೇ ವರ್ಷದಲ್ಲಿ ನೆಲೆ ನಿಲ್ಲಬಹುದಾ? ತಿಳಿದವರು ಹೇಳಿ. ತಪ್ಪಿದ್ದರೆ ತಪ್ಪು ಅಂತಲೇ ಹೇಳಿ, ಬೇಜಾರಿಲ್ಲ.

ಬೆಳಂಬಾರ ಗದ್ದೆ | ಅಕ್ಟೋಬರ್ 5

ತಮ್ಮಾ, ಊರಿಗೆ ಬಂದಿದ್ದು ಒಳ್ಳೆಯದಾಯಿತು. ನಾನು ಇಪ್ಪತ್ತೆರಡು ವರ್ಷದಿಂದ ಪ್ರತಿ ವರ್ಷ ಶೇಂಗಾ ಹಾಕುತ್ತಿದ್ದೇನೆ. ಮೊದಲು ನಾಲ್ಕು ಪ್ರಶ್ನೆ ಕೇಳುತ್ತೇನೆ, ಅದಕ್ಕೆ ಉತ್ತರ ಸಿಕ್ಕಿದ ಮೇಲೆ ಗಾಣದ ಮಾತು.

ಭತ್ತ ಯಾವಾಗ ಕೊಯ್ಲಿಗೆ ಬರುತ್ತದೆ? ಬಾವಿ ನೀರು ಮಾರ್ಚಿನಲ್ಲಿ ಸಿಹಿ ಇರುತ್ತಾ, ಉಪ್ಪಾಗುತ್ತಾ? ಬಾವಿಯಲ್ಲಿ ಒಂದು ದಿನಕ್ಕೆ ಎಷ್ಟು ತಾಸು ಪಂಪು ಓಡುತ್ತದೆ? ಕಾಯಿ ಬಿಡಿಸಲು ಎಷ್ಟು ಜನ ಸಿಗುತ್ತಾರೆ?

ಅಂಕೋಲಾ ಹುಡುಗ | ಅಕ್ಟೋಬರ್ 5

ಮಕ್ಕಿ ಗದ್ದೆ ಭತ್ತ ಈ ತಿಂಗಳ ಕೊನೆಗೆ. ಬೈಲಿನದು ನವೆಂಬರ್ ಕೊನೆಯಾಗಬಹುದು. ಅಮ್ಮ ಹೇಳುವ ಪ್ರಕಾರ ಏಪ್ರಿಲ್‌ನಲ್ಲಿ ನೀರು ಸ್ವಲ್ಪ ಉಪ್ಪಾಗುತ್ತದೆ, ಅನ್ನ ಬೇಯಿಸಲು ಆ ನೀರು ಬಳಸುವುದಿಲ್ಲ. ಪಂಪು ಬೇಸಿಗೆಯಲ್ಲಿ ಒಂದೂವರೆ ತಾಸಿಗೆ ಗಾಳಿ ಎಳೆಯುತ್ತದೆ, ಸಂಜೆಗೆ ಮತ್ತೆ ತುಂಬುತ್ತದೆ. ಜನ? ಮನೆಯಲ್ಲಿ ನಾವು ಮೂರು. ಪಕ್ಕದ ಮನೆಯವರು ಬರಬಹುದು.

ಬೆಳಂಬಾರ ಗದ್ದೆ | ಅಕ್ಟೋಬರ್ 6

ಹಾಗಾದರೆ ಉತ್ತರ ನಿನ್ನ ಕೈಯಲ್ಲೇ ಇದೆ. ಈ ವರ್ಷ ಮಕ್ಕಿ ಗದ್ದೆ ಮಾತ್ರ. ಅದರಲ್ಲೂ ಇಪ್ಪತ್ತು ಗುಂಟೆ. ಆ ಬಾವಿ ಮೂರು ಎಕರೆಗೆ ನೀರು ಕೊಡುವುದಿಲ್ಲ.

ಗಜನಿ ಅಂಚಿನ ಎಕರೆ ಬಿಟ್ಟುಬಿಡು. ಶೇಂಗಾಕ್ಕೆ ಉಪ್ಪು ಆಗಿಬರುವುದಿಲ್ಲ. ಬೀಜ ಮೊಳೆತರೂ ಗಿಡ ಗಿಡ್ಡವಾಗಿ, ಎಲೆಯ ಅಂಚು ಸುಟ್ಟ ಹಾಗೆ ಆಗಿ ನಿಲ್ಲುತ್ತದೆ. ಜಿಗುಟು ಮಣ್ಣಿನ ಬೈಲೂ ಬೇಡ. ಅಲ್ಲಿ ಗಿಡ ಹಸಿರಾಗಿ ಚೆಂದ ಬರುತ್ತದೆ, ಕೀಳುವಾಗ ಕಾಯಿ ಮಣ್ಣಿನಲ್ಲೇ ಉಳಿಯುತ್ತದೆ, ಬಳ್ಳಿ ಕೈಗೆ ಬರುತ್ತದೆ. ಅಲ್ಲಿಗೆ ಉದ್ದೇ ಸರಿ. ನಿನ್ನ ಅಪ್ಪ ಸುಮ್ನೆ ಹಾಗೆ ಮಾಡಿದ್ದಲ್ಲ.

ನಮ್ಮ ಕರಾವಳಿಯಲ್ಲಿ ಶೇಂಗಾ ಅಂದರೆ ಎರಡು ಮಳೆಯ ನಡುವಿನ ಬೆಳೆ. ಬಯಲುಸೀಮೆಯವರು ಜೂನಿನಲ್ಲಿ ಬಿತ್ತುತ್ತಾರೆ. ನಮಗೆ ಆಗ ಗದ್ದೆ ಹೊಳೆಯಾಗಿರುತ್ತದೆ. ನಾವು ಭತ್ತ ಎದ್ದ ಕೂಡಲೇ ಬಿತ್ತಬೇಕು, ಮುಂಗಾರಿನ ಮುಂಚಿನ ಮಳೆ ಬೀಳುವ ಮೊದಲು ಕಾಯಿ ಮನೆಯೊಳಗೆ ಇರಬೇಕು. ಹೆಚ್ಚು ಕಡಿಮೆ 110 ದಿನದ ಬೆಳೆ. ನವೆಂಬರ್ 20ಕ್ಕೆ ಬಿತ್ತಿದರೆ ಮಾರ್ಚ್ 10ರ ಸುತ್ತ ಕೀಳಬಹುದು. ಜನವರಿಗೆ ಹೋದರೆ ಮೇ ತಿಂಗಳು ತಲೆಯ ಮೇಲೆ ಕೂರುತ್ತದೆ. ಶೇಂಗಾದಲ್ಲಿ ಹಣ ಆಗುವುದು, ಹೋಗುವುದು ಎರಡೂ ಬಿತ್ತಿದ ತಾರೀಖಿನ ಮೇಲೆ. ಗೊಬ್ಬರ, ತಳಿ ಎಲ್ಲ ಆಮೇಲೆ.

ಹೊನ್ನಾವರ ಮೂಲೆಮನೆ | ಅಕ್ಟೋಬರ್ 6

ಅಣ್ಣ ಹೇಳಿದ್ದಕ್ಕೆ ನಾನೇ ಸಾಕ್ಷಿ. ನಾಲ್ಕು ವರ್ಷದ ಹಿಂದಿನ ಮಾತು. ನಮ್ಮಲ್ಲಿ ಭತ್ತ ಕೊಯ್ಲು ತಡವಾಯಿತು, ಟಿಲ್ಲರ್ ಸಿಗಲಿಲ್ಲ, ಹಾಗೂ ಹೀಗೂ ಜನವರಿ 10ಕ್ಕೆ ಬಿತ್ತಿದೆ. ಒಂದು ಎಕರೆ. ಗಿಡ ನೋಡಿದವರೆಲ್ಲ ಹೊಗಳಿದರು. ಮೇ 3ಕ್ಕೆ ಕೀಳಲು ಆಳು ಹೇಳಿದ್ದೆ. ಹಿಂದಿನ ರಾತ್ರಿ ಗುಡುಗು ಶುರುವಾಯಿತು. ಮೂರು ದಿನ ಸಂಜೆ ಸಂಜೆ ಮಳೆ.

ನಾಲ್ಕನೇ ದಿನ ಹೋಗಿ ಒಂದು ಬುಡ ಕಿತ್ತೆ. ಕಾಯಿಯ ತುದಿ ಸೀಳಿ ಬಿಳಿ ಮೊಳಕೆ ಹೊರಗೆ ಬಂದಿತ್ತು. ಎರಡನೇ ಬುಡ, ಅದೂ ಹಾಗೇ. ಗದ್ದೆ ಅಂಚಿನಲ್ಲಿ ಕೂತುಬಿಟ್ಟೆ. ಅಮ್ಮ ಬಂದು ಒಂದೂ ಮಾತಾಡದೆ ಬುಟ್ಟಿ ತೆಗೆದುಕೊಂಡು ಕೀಳಲು ಶುರು ಮಾಡಿದಳು. ಉಳಿದ ಕಾಯಿಯನ್ನು ಜಗಲಿ ತುಂಬಾ ಹರಡಿ ಫ್ಯಾನ್ ಹಾಕಿದೆವು. ಆದರೂ ಸಿಪ್ಪೆಯ ಮೇಲೆ ಬೂಸ್ಟು ಬಂತು. ವ್ಯಾಪಾರಿಯೊಬ್ಬರು ನೋಡಿ, ಮುಟ್ಟದೆ ಹೋದರು. ಅವರ ತಪ್ಪಲ್ಲ ಬಿಡಿ, ಅಂಥ ಕಾಯಿ ತಿನ್ನಬಾರದು, ದನಕ್ಕೂ ಹಾಕಬಾರದು.

ಶಿರಸಿ ಕೃಷಿ ಓದಿದವಳು | ಅಕ್ಟೋಬರ್ 6

ಅದಕ್ಕೆ ಕಾರಣ ಹೇಳುತ್ತೇನೆ, ಗೊತ್ತಿದ್ದರೆ ಮುಂದಿನ ಸಲ ಉಪಯೋಗಕ್ಕೆ ಬರುತ್ತದೆ. ನಾವು ಬೆಳೆಯುವ ಗೊಂಚಲು ಶೇಂಗಾ ತಳಿಗಳ ಬೀಜಕ್ಕೆ ನಿದ್ದೆಯ ಕಾಲ ಅಂತ ಇಲ್ಲ. ಬಲಿತ ಕಾಯಿಗೆ ಮಣ್ಣಿನಲ್ಲಿ ನೀರು ಸಿಕ್ಕರೆ ಅಲ್ಲೇ ಮೊಳೆಯುತ್ತದೆ. ಹಬ್ಬುವ ಜಾತಿಯ ಶೇಂಗಾದಲ್ಲಿ ಈ ತೊಂದರೆ ಕಡಿಮೆ, ಆದರೆ ಅದಕ್ಕೆ ದಿನ ಜಾಸ್ತಿ ಬೇಕು, ನಮ್ಮ ಎರಡು ಮಳೆಯ ನಡುವೆ ಹಿಡಿಸುವುದಿಲ್ಲ.

ಇನ್ನು ಬೂಸ್ಟಿನ ವಿಷಯ. ಶೇಂಗಾದ ಮೇಲೆ ಬರುವ ಒಂದು ಜಾತಿಯ ಹಸಿರು ಹಳದಿ ಬೂಸ್ಟು ಅಫ್ಲಾಟಾಕ್ಸಿನ್ ಅನ್ನುವ ವಿಷ ಬಿಡುತ್ತದೆ. ಯಕೃತ್ತಿಗೆ ಕೆಟ್ಟದ್ದು. ಹುರಿದರೂ ಬೇಯಿಸಿದರೂ ಪೂರ್ತಿ ಹೋಗುವುದಿಲ್ಲ. ದನ ತಿಂದರೆ ಹಾಲಿಗೂ ಬರುತ್ತದೆ. ಬೂಸ್ಟು ಹಿಡಿದದ್ದನ್ನು ತೊಳೆದು ಮಾರುವ ಯೋಚನೆ ಯಾರೂ ಮಾಡಬೇಡಿ.

ಕರಾವಳಿಗೆ ಒಂದು ಅನುಕೂಲ ಇದೆ. ಶೇಂಗಾ ಮೊಳೆಯಲು ಮಣ್ಣು ಬೆಚ್ಚಗಿರಬೇಕು. ಧಾರವಾಡ ಕಡೆ ಡಿಸೆಂಬರ್ ಚಳಿಗೆ ಬೀಜ ಮುದುಡಿ ಕೂರುತ್ತದೆ, ಹಾಗಾಗಿ ಬೇಸಿಗೆ ಬೆಳೆಯನ್ನು ಅವರು ಚಳಿ ಕಡಿಮೆಯಾದ ಮೇಲೆ ಬಿತ್ತುತ್ತಾರೆ. ನಮ್ಮ ಕಡಲ ಬದಿಯಲ್ಲಿ ಅಷ್ಟು ಚಳಿ ಇಲ್ಲ, ನವೆಂಬರಿನಲ್ಲೇ ಬಿತ್ತಬಹುದು. ಅಂದರೆ ಅವರಿಗಿಂತ ಮುಂಚೆ ಕಾಯಿ ನಮ್ಮ ಕೈಗೆ ಬರುತ್ತದೆ. ಈ ಒಂದು ಅನುಕೂಲವನ್ನು ಹಿಡಿದುಕೊಂಡೇ ವ್ಯಾಪಾರ ಕಟ್ಟಬೇಕು.

ಅಂಕೋಲಾ ಹುಡುಗ | ಅಕ್ಟೋಬರ್ 7

ಅರ್ಥವಾಯಿತು ಅಕ್ಕ. ಹೊನ್ನಾವರದ ಅಣ್ಣ, ನಿಮ್ಮ ಅಮ್ಮ ಬುಟ್ಟಿ ಹಿಡಿದಿದ್ದು ಓದಿ ಬಹಳ ಹೊತ್ತು ಸುಮ್ಮನಿದ್ದೆ. ಮೂರು ಎಕರೆಯ ಮಾತು ಬಿಟ್ಟೆ. ಇಪ್ಪತ್ತು ಗುಂಟೆಯಿಂದಲೇ ಶುರು.

ಗಾಣದ ಬಗ್ಗೆ ಯಾರಾದರೂ ಹೇಳಿ. ಮುಂಗಡ ಬಯಾನಾ ಕೊಡುವುದರಲ್ಲಿದ್ದೆ.

ಹುಬ್ಬಳ್ಳಿ ಗಾಣ | ಅಕ್ಟೋಬರ್ 7

ಬಯಾನಾ ಕೊಡಬೇಡಿ ತಮ್ಮಾ, ಒಂದು ವಾರ ತಡೀರಿ. ನಾನು ಆರು ವರ್ಷದಿಂದ ಗಾಣ ನಡೆಸುತ್ತಿದ್ದೇನೆ. ಲೆಕ್ಕ ಹಾಕಿ ತೋರಿಸುತ್ತೇನೆ.

ಒಂದು ಕ್ವಿಂಟಾಲ್ ಒಣ ಕಾಯಿ ಒಡೆದರೆ 70 ಕಿಲೋ ಬೀಜ. ಮರದ ಗಾಣಕ್ಕೆ ಹಾಕಿದರೆ ಬೀಜದ ತೂಕದ ನೂರಕ್ಕೆ ನಲವತ್ತರ ಹತ್ತಿರ ಎಣ್ಣೆ. ಅಂದರೆ 27, 28 ಕಿಲೋ, ಲೀಟರಿನಲ್ಲಿ ಸುಮಾರು 30. ಉಳಿದದ್ದು ಹಿಂಡಿ, ಅದಕ್ಕೂ ಗಿರಾಕಿ ಇದ್ದಾರೆ. ಇಪ್ಪತ್ತು ಗುಂಟೆಯಲ್ಲಿ ಮೂರೂವರೆ ಕ್ವಿಂಟಾಲ್ ಬಂತು ಅಂತ ಇಟ್ಟುಕೊಳ್ಳಿ. ಎಲ್ಲಾ ಸೇರಿ ನೂರು ಲೀಟರ್ ಎಣ್ಣೆ. ನನ್ನ ಗಾಣಕ್ಕೆ ಅದು ಮೂರು ದಿನದ ಕೆಲಸ. ಉಳಿದ 362 ದಿನ ನಿಮ್ಮ ಗಾಣ ಏನು ಮಾಡಬೇಕು? ಹೊರಗಿನಿಂದ ಬೀಜ ತರಬೇಕು. ಆಗ ನೀವು ರೈತರಲ್ಲ, ಬೀಜ ಕೊಳ್ಳುವ ವ್ಯಾಪಾರಿ. ಅದು ಬೇರೆಯೇ ಕಸುಬು, ಅದಕ್ಕೆ ಬೇರೆ ದುಡ್ಡು ಬೇಕು. ಮೇಲಾಗಿ ನಿಮ್ಮ ಕಡೆ ಅಡುಗೆಗೆ ತೆಂಗಿನ ಎಣ್ಣೆ. ಮೀನು ಹುರಿಯಲು ಯಾರೂ ಶೇಂಗಾ ಎಣ್ಣೆ ಹುಡುಕಿಕೊಂಡು ಬರುವುದಿಲ್ಲ.

ಗಾಣ ಬೇಡವೇ ಬೇಡ ಅಂತಲ್ಲ. ಸುತ್ತಲಿನ ಹತ್ತಿಪ್ಪತ್ತು ರೈತರು ಸೇರಿ ಶೇಂಗಾ, ಕೊಬ್ಬರಿ ಎರಡನ್ನೂ ತಂದರೆ ಗಾಣ ವರ್ಷವಿಡೀ ತಿರುಗುತ್ತದೆ. ಆಗ ಕಿರು ಆಹಾರ ಸಂಸ್ಕರಣಾ ಘಟಕಗಳಿಗೆ ಕೇಂದ್ರ ಸರ್ಕಾರ 2020ರಲ್ಲಿ ತಂದ ಯೋಜನೆಯಲ್ಲಿ ಬ್ಯಾಂಕ್ ಸಾಲದ ಜೊತೆ 35% ಸಹಾಯಧನ ಇದೆಯಾ ಅಂತ ಕೃಷಿ ಇಲಾಖೆಯಲ್ಲಿ ವಿಚಾರಿಸಿ. ಆ ಸಹಾಯಧನಕ್ಕೆ 10 ಲಕ್ಷದ ಮಿತಿ ಇಟ್ಟಿದ್ದರು. ಎಣ್ಣೆ ಬಾಟಲಿ ಮಾರಲು ಆಹಾರ ಸುರಕ್ಷತಾ ನೋಂದಣಿ ಬೇಕೇ ಬೇಕು. ಮೊದಲ ವರ್ಷ ಎಣ್ಣೆಯ ಆಸೆ ಇದ್ದರೆ ಒಂದು ಚೀಲ ಬೀಜ ತಂದು ಯಾರದಾದರೂ ಗಾಣದಲ್ಲಿ ಕೂಲಿಗೆ ತೆಗೆಸಿ.

ಗೋಕರ್ಣ ತರಕಾರಿ | ಅಕ್ಟೋಬರ್ 7

ನಾನು ಬಸಳೆ, ಹರಿವೆ, ಶೇಂಗಾ ಬೆಳೆದು ಮಾರುವವಳು. ಒಂದೇ ಮಾತು ಹೇಳುತ್ತೇನೆ ತಮ್ಮಾ, ಒಣ ಕಾಯಿ ಮಾರಲು ಹೋಗಬೇಡ. ಹಸಿ ಕಾಯಿ ಮಾರು.

ಒಣ ಕಾಯಿಗೆ ಚಳ್ಳಕೆರೆ, ಹುಬ್ಬಳ್ಳಿಯ ದರವೇ ದರ. ಲಾರಿಗಟ್ಟಲೆ ಬರುತ್ತದೆ, ಅದರ ಮುಂದೆ ನಮ್ಮ ಎರಡು ಚೀಲ ಯಾರ ಲೆಕ್ಕಕ್ಕೂ ಇಲ್ಲ. ಹಸಿ ಕಾಯಿ ಹಾಗಲ್ಲ. ಕಿತ್ತ ದಿನವೇ ತಿನ್ನಬೇಕು, ಎರಡು ದಿನ ಚೀಲದಲ್ಲಿಟ್ಟರೆ ಬೆವರಿ ಲೋಳೆ ಬರುತ್ತದೆ. ದೂರದಿಂದ ತರುವವರಿಗೆ ಕಷ್ಟ, ನಮಗೆ ಸುಲಭ. ನಾನು ಬೆಳಿಗ್ಗೆ ಐದಕ್ಕೆ ಕಿತ್ತು, ಬಾವಿ ಕಟ್ಟೆಯಲ್ಲಿ ತೊಳೆದು, ಎಂಟಕ್ಕೆ ಪೇಟೆಗೆ ಒಯ್ಯುತ್ತೇನೆ. ಕಾಯಿಯ ಮೇಲೆ ಮಣ್ಣಿನ ವಾಸನೆ ಇನ್ನೂ ಇರುತ್ತದೆ. ಸಮುದ್ರ ನೋಡಲು ಬಂದವರು ಉಪ್ಪು ಹಾಕಿ ಬೇಯಿಸಿದ್ದನ್ನು ಕಾಗದದ ಪೊಟ್ಟಣದಲ್ಲಿ ಕೊಂಡು ತಿನ್ನುತ್ತಾರೆ. ಬೇಯಿಸಿ ಮಾರುವ ಇಬ್ಬರು ಹೆಂಗಸರು ನನ್ನಿಂದಲೇ ಒಯ್ಯುತ್ತಾರೆ.

ನಿನಗೆ ಕಾರವಾರದ ಭಾನುವಾರದ ಸಂತೆ ಹತ್ತಿರ. ಶಿರಸಿಯಲ್ಲಿ ಮಂಗಳವಾರ ಸಂತೆ. ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಯ ಹೊತ್ತಿಗೆ ಕಾಯಿ ಕೈಗೆ ಬಂದರಂತೂ ಹೇಳುವುದೇ ಬೇಡ. ಗೋಕರ್ಣದ ಶಿವರಾತ್ರಿಗೆ ಬೇಕಾದರೆ ನವೆಂಬರ್ ಮೊದಲ ವಾರವೇ ಬಿತ್ತಬೇಕು, ಈ ವರ್ಷ ನಿನಗೆ ಆಗಲಿಕ್ಕಿಲ್ಲ. ಒಂದೇ ದಿನ ಎಲ್ಲ ಬಿತ್ತಬೇಡ. ವಾರ ಬಿಟ್ಟು ಎರಡು ಸಲ ಬಿತ್ತು, ಮಾರುವುದಕ್ಕೂ ಉಸಿರು ಸಿಗುತ್ತದೆ.

ಕುಮಟಾ ಬೈಲು | ಅಕ್ಟೋಬರ್ 8

ಬೆಂಬಲ ಬೆಲೆ ಇದೆಯಲ್ವಾ? 2025-26ಕ್ಕೆ ಕ್ವಿಂಟಾಲಿಗೆ 7,263 ರೂಪಾಯಿ ಅಂತ ಓದಿದೆ. ಹಿಂದಿನ ವರ್ಷ 6,783 ಇತ್ತು. ಅಷ್ಟು ಸಿಕ್ಕರೆ ಒಣ ಕಾಯಿಯೂ ನಷ್ಟ ಇಲ್ಲ.

ಬೆಳಂಬಾರ ಗದ್ದೆ | ಅಕ್ಟೋಬರ್ 8

ಖರೀದಿ ಕೇಂದ್ರ ತೆರೆದ ಕಡೆ, ತೆರೆದ ದಿನ ಮಾತ್ರ ಅದು ದರ. ಮೂರೂವರೆ ಕ್ವಿಂಟಾಲನ್ನು ಘಟ್ಟ ಹತ್ತಿಸಿ ಒಯ್ದರೆ ಬಾಡಿಗೆಗೇ ಸಾಕು. 7,263ರ ಲೆಕ್ಕದಲ್ಲೂ ಇಪ್ಪತ್ತು ಗುಂಟೆಗೆ 25 ಸಾವಿರ ಚಿಲ್ಲರೆ. ಬೀಜ, ಉಳುಮೆ, ಎರಡು ಸಲ ಕಳೆ, ಕೀಳುವ ಕೂಲಿ ಕಳೆದು ನೋಡಿದರೆ ಉಳಿಯುವುದು ಸ್ವಲ್ಪ. ಗೋಕರ್ಣದ ಅಕ್ಕ ಹೇಳಿದ್ದೇ ಸರಿ. ನಾನೂ ಅರ್ಧ ಹಸಿ ಮಾರುತ್ತೇನೆ, ಕಾಲು ಭಾಗ ಬೀಜಕ್ಕೆ ಇಟ್ಟು ಊರವರಿಗೇ ಕೊಡುತ್ತೇನೆ, ಉಳಿದದ್ದು ಮನೆಗೆ.

ಒಣ ಬಳ್ಳಿಯನ್ನು ಮರೆಯಬೇಡ. ದನ ಹುಲ್ಲು ಬಿಟ್ಟು ಅದನ್ನು ತಿನ್ನುತ್ತದೆ. ಮುಂದಿನ ಮಳೆಗಾಲ ಆ ಗದ್ದೆಯ ಭತ್ತದ ಬಣ್ಣವೇ ಬೇರೆ ಇರುತ್ತದೆ, ಯೂರಿಯಾ ಕಡಿಮೆ ಸಾಕು.

ಅಂಕೋಲಾ ಹುಡುಗ | ಅಕ್ಟೋಬರ್ 12

ಗಾಣ ಬಿಟ್ಟೆ. ಸದ್ಯಕ್ಕೆ. ಈಗ ಬೀಜದ ವಿಷಯ. ಅಂಗಡಿಯಲ್ಲಿ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೆಸರು ಹೇಳುತ್ತಾರೆ.

ಶಿರಸಿ ಕೃಷಿ ಓದಿದವಳು | ಅಕ್ಟೋಬರ್ 12

ಟಿಎಂವಿ-2 ತುಂಬಾ ಹಳೆಯ ತಳಿ, ತಮಿಳುನಾಡಿನ ತಿಂಡಿವನಂ ಕೇಂದ್ರದ್ದು, ಹೆಸರಿನಲ್ಲಿರುವ ಟಿಎಂವಿ ಅದೇ. ರುಚಿ ಚೆನ್ನ, ಎಲ್ಲಾ ಕಡೆ ಸಿಗುತ್ತದೆ, ಆದರೆ ಎಲೆಚುಕ್ಕೆಗೆ ಬೇಗ ಬಲಿಯಾಗುತ್ತದೆ. ಜೆಎಲ್-24 ಜಳಗಾಂವ್‌ನದು, ಕಾಯಿ ದಪ್ಪ. ಜಿಪಿಬಿಡಿ-4 ನಮ್ಮ ಧಾರವಾಡ ಕೃಷಿ ವಿಶ್ವವಿದ್ಯಾಲಯದ್ದು. ತುಕ್ಕು ರೋಗ, ತಡವಾಗಿ ಬರುವ ಎಲೆಚುಕ್ಕೆ ಎರಡನ್ನೂ ತಡೆಯುತ್ತದೆ. ಗಾಳಿಯಲ್ಲಿ ತೇವ ಇರುವ ಕರಾವಳಿಗೆ ನಾನು ಇದನ್ನೇ ಹೇಳುತ್ತೇನೆ. ಟಿಎಜಿ-24 ಟ್ರಾಂಬೆಯ ಭಾಭಾ ಅಣು ಸಂಶೋಧನಾ ಕೇಂದ್ರದ ತಳಿ, ಗಿಡ ಗಿಡ್ಡ, ಬೇಸಿಗೆಗೆ ಹೊಂದುತ್ತದೆ. ಶಿರಸಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ, ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಯಾವುದು ಇದೆ ಅಂತ ಈಗಲೇ ಕೇಳಿ. ನವೆಂಬರ್‌ನಲ್ಲಿ ಕೇಳಿದರೆ ಖಾಲಿಯಾಗಿರುತ್ತದೆ.

ಎಷ್ಟು ಬೇಕು? ಸಾಲಿನಿಂದ ಸಾಲಿಗೆ ಒಂದು ಅಡಿ, ಬೀಜದಿಂದ ಬೀಜಕ್ಕೆ ನಾಲ್ಕು ಇಂಚು. ಹೀಗೆ ಹಾಕಿದರೆ ಎಕರೆಗೆ ಒಂದು ಲಕ್ಷ ಮೂವತ್ತು ಸಾವಿರ ಗಿಡ. 45ರಿಂದ 50 ಕಿಲೋ ಸುಲಿದ ಬೀಜ. ನಿಮ್ಮ ಇಪ್ಪತ್ತು ಗುಂಟೆಗೆ ಅದರ ಅರ್ಧ.

ಕಾಯಿಯನ್ನೇ ತನ್ನಿ, ಸುಲಿದ ಬೀಜ ತರಬೇಡಿ. ಬಿತ್ತುವ ವಾರದಲ್ಲಿ ಕೈಯಿಂದ ಸುಲಿಯಿರಿ. ಬೀಜದ ಮೇಲಿನ ಕೆಂಪು ಸಿಪ್ಪೆ ಹರಿದರೆ ಅದು ಮಣ್ಣಿನಲ್ಲಿ ಕೊಳೆಯುತ್ತದೆ.

ಹೊನ್ನಾವರ ಮೂಲೆಮನೆ | ಅಕ್ಟೋಬರ್ 13

ಬಿತ್ತುವ ಮೊದಲು ಮೊಳಕೆ ಪರೀಕ್ಷೆ ಮಾಡು ಮಾರಾಯ. ಒಂದು ವರ್ಷ ಅಂಗಡಿಯೊಂದರಿಂದ ಸುಲಿದ ಬೀಜ ತಂದು ನೇರ ಬಿತ್ತಿದೆ, ಅರ್ಧವೂ ಏಳಲಿಲ್ಲ. ಬಿಲ್ ಕೇಳಿರಲಿಲ್ಲ, ಹಾಗಾಗಿ ಯಾರನ್ನೂ ಕೇಳಲು ಆಗಲಿಲ್ಲ. ನೂರು ಬೀಜ ಎಣಿಸಿ, ಒದ್ದೆ ಗೋಣಿಯಲ್ಲಿ ಸಾಲಾಗಿಟ್ಟು ಸುತ್ತಿ, ನೆರಳಲ್ಲಿಡು. ವಾರದ ಮೇಲೆ ಬಿಡಿಸಿ ಎಣಿಸು. ಎಪ್ಪತ್ತಕ್ಕಿಂತ ಕಡಿಮೆ ಮೊಳೆತರೆ ಆ ಬೀಜ ಬೇಡ.

ಅಂಕೋಲಾ ಹುಡುಗ | ನವೆಂಬರ್ 16

ಜಿಪಿಬಿಡಿ-4 ಕಾಯಿ ಸಿಕ್ಕಿತು. ಗೋಣಿ ಪರೀಕ್ಷೆ ಮಾಡಿದೆ, ನೂರಕ್ಕೆ 84. ಅಪ್ಪ ಎರಡು ಸಲ ಎಣಿಸಿದರು. ಮಣ್ಣು ಪರೀಕ್ಷೆ ಚೀಟಿ ಬಂತು: ಹುಳಿ ಮಣ್ಣು, ಪಿಎಚ್ 5.4. ಉಪ್ಪು ಇಲ್ಲ. ಸುಣ್ಣ ಹಾಕಬೇಕಾ, ಜಿಪ್ಸಂ ಹಾಕಬೇಕಾ? ಎರಡೂ ಒಂದೇ ಅಲ್ವಾ?

ಶಿರಸಿ ಕೃಷಿ ಓದಿದವಳು | ನವೆಂಬರ್ 16

ಒಂದೇ ಅಲ್ಲ. ಸುಣ್ಣ ಮಣ್ಣಿನ ಹುಳಿ ತೆಗೆಯುತ್ತದೆ, ಅದನ್ನು ಉಳುವಾಗಲೇ ಹಾಕಿ ಬೆರೆಸಬೇಕು. ಚೀಟಿಯಲ್ಲಿ ಬರೆದ ಪ್ರಮಾಣ ಹಾಕಿ. ಜಿಪ್ಸಂ ಹುಳಿ ತೆಗೆಯುವುದಿಲ್ಲ. ಅದರಲ್ಲಿರುವ ಕ್ಯಾಲ್ಸಿಯಂ ಕಾಯಿಯ ಊಟ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಶೇಂಗಾದ ಜೀವವೇ ಇಲ್ಲಿದೆ. ಬಿತ್ತಿ 25, 30 ದಿನಕ್ಕೆ ಹಳದಿ ಹೂ ಬರುತ್ತದೆ. ಬೆಳಗಿನ ಜಾವ ಅರಳಿ ಮಧ್ಯಾಹ್ನಕ್ಕೆ ಬಾಡುತ್ತದೆ. ಕೆಲವು ದಿನ ಕಳೆದರೆ ಹೂ ಇದ್ದಲ್ಲಿಂದ ನೇರಳೆ ಬಣ್ಣದ ಸೂಜಿಯಂಥದ್ದು ಹೊರಟು ನೆಲದ ಕಡೆ ಬಾಗುತ್ತದೆ. ಅದರ ತುದಿ ಮಣ್ಣಿನೊಳಗೆ ಹೋದ ಮೇಲೆಯೇ ಕಾಯಿ ಕಟ್ಟುವುದು. ಬೇರೆ ಗಿಡಗಳಲ್ಲಿ ಬೇರು ಹೀರಿದ್ದು ಕಾಯಿಗೆ ಹೋಗುತ್ತದೆ. ಶೇಂಗಾದಲ್ಲಿ ಬೇರು ಹೀರಿದ ಕ್ಯಾಲ್ಸಿಯಂ ಮೇಲಿನ ಎಲೆಗೆ ಹೋಗುತ್ತದೆ, ಕಾಯಿಗೆ ಇಳಿಯುವುದಿಲ್ಲ. ಕಾಯಿ ತನ್ನ ಸುತ್ತಲಿನ ಮಣ್ಣಿನಿಂದ ತಾನೇ ಹೀರಿಕೊಳ್ಳಬೇಕು. ನಮ್ಮ ಮಳೆಗೆ ಮೇಲ್ಮಣ್ಣಿನ ಕ್ಯಾಲ್ಸಿಯಂ ಎಲ್ಲ ತೊಳೆದು ಹೋಗಿರುತ್ತದೆ. ಅದು ಸಿಗದಿದ್ದರೆ ಕಾಯಿ ದೊಡ್ಡದಿದ್ದರೂ ಒಳಗೆ ಜೊಳ್ಳು.

ಹಾಗಾಗಿ ಹೂ ಬಂದು ಸೂಜಿ ಇಳಿಯುವ ಹೊತ್ತಿಗೆ ಎಕರೆಗೆ 200 ಕಿಲೋ ಜಿಪ್ಸಂ, ನಿಮಗೆ 100 ಕಿಲೋ. ಗಿಡದ ಬುಡಕ್ಕೆ ಉದುರಿಸಿ, ಮಣ್ಣು ಏರಿಸಿ, ನೀರು ಕೊಡಿ. ಮಣ್ಣು ಏರಿಸುವುದು ಅದೇ ಕೊನೆಯ ಸಲ. 45 ದಿನದ ಮೇಲೆ ಸಾಲಿನ ನಡುವೆ ಕುಂಟೆಯೂ ಬೇಡ, ಕಾಲೂ ಬೇಡ. ರಂಜಕಕ್ಕೆ ಸಿಂಗಲ್ ಸೂಪರ್ ಫಾಸ್ಫೇಟ್ ತೆಗೆದುಕೊಳ್ಳಿ, ಅದರ ಜೊತೆ ಗಂಧಕವೂ ಬರುತ್ತದೆ. ಬೀಜಕ್ಕೆ ಕೊಳೆ ರೋಗ ತಡೆಯುವ ಟ್ರೈಕೋಡರ್ಮಾ ಶಿಲೀಂಧ್ರ, ಗಾಳಿಯ ಸಾರಜನಕ ಹಿಡಿದುಕೊಡುವ ಶೇಂಗಾದ ರೈಜೋಬಿಯಂ ಅಣುಜೀವಿ ಎರಡನ್ನೂ ಬೆಲ್ಲದ ನೀರಲ್ಲಿ ಸವರಿ ನೆರಳಲ್ಲಿ ಆರಿಸಿ ಬಿತ್ತಿ. ಬಿಸಿಲಲ್ಲಿ ಆರಿಸಬೇಡಿ, ಸತ್ತುಹೋಗುತ್ತವೆ.

ಭಟ್ಕಳ ಕಡೆಯವ | ನವೆಂಬರ್ 17

ಖಾಲಿ ಡ್ರಮ್ಮನ್ನು ಗಿಡದ ಮೇಲೆ ಉರುಳಿಸಿದರೆ ಕಾಯಿ ಜಾಸ್ತಿ ಅಂತಾರಲ್ಲ, ಹೌದಾ?

ಬೆಳಂಬಾರ ಗದ್ದೆ | ನವೆಂಬರ್ 17

ನಾನು ಒಂದು ವರ್ಷ ಅರ್ಧ ಗದ್ದೆಗೆ ಮಾಡಿ ನೋಡಿದೆ. ನಮ್ಮ ಮರಳಿನಲ್ಲಿ ಏನೂ ವ್ಯತ್ಯಾಸ ಕಾಣಲಿಲ್ಲ. ಮಣ್ಣು ಮೆತ್ತಗಿದ್ದರೆ ಸೂಜಿ ತಾನಾಗಿ ಇಳಿಯುತ್ತದೆ.

ಅಂಕೋಲಾ ಹುಡುಗ | ನವೆಂಬರ್ 24

ಇವತ್ತು ಹತ್ತು ಗುಂಟೆ ಬಿತ್ತಿದೆವು. ಉಳಿದ ಹತ್ತು ಮುಂದಿನ ಸೋಮವಾರ. ಅಮ್ಮ ಸಾಲಿಗೆ ಬೀಜ ಬಿಡುತ್ತಾ ಹೋದಳು, ನಾನು ಕಾಲಿಂದ ಮಣ್ಣು ಎಳೆಯುತ್ತಾ ಹೋದೆ. ಅಪ್ಪ ಅಂಚಿನ ಮೇಲೆ ಕುರ್ಚಿ ಹಾಕಿಸಿಕೊಂಡು ಕೂತು ಸಾಲು ಸೊಟ್ಟ ಆಯಿತು ಅಂತ ಹೇಳುತ್ತಿದ್ದರು. ಬಹಳ ದಿನದ ಮೇಲೆ ಅವರ ದನಿ ಅಷ್ಟು ದೂರ ಕೇಳಿತು.

ಭಟ್ಕಳ ಕಡೆಯವ | ನವೆಂಬರ್ 24

ಕಾಗೆ ನೋಡಿಕೋ. ಮೊದಲ ಹತ್ತು ದಿನ ಮೊಳಕೆಯನ್ನು ಸಾಲು ಹಿಡಿದು ಕೀಳುತ್ತವೆ. ಕಾಯಿ ಕಟ್ಟಿದ ಮೇಲೆ ಹಂದಿ, ನವಿಲು. ನಾನು ದೋಣಿಯವರ ಹಳೆ ಮೀನು ಬಲೆ ತಂದು ಸುತ್ತ ಕಟ್ಟುತ್ತೇನೆ, ಬುಡವನ್ನು ಗೂಟ ಹೊಡೆದು ನೆಲಕ್ಕೆ ಬಿಗಿಯುತ್ತೇನೆ. ಹಂದಿಯ ಮೂತಿ ಬಲೆಗೆ ಸಿಕ್ಕಿದರೆ ಹೆದರಿ ಹೋಗುತ್ತದೆ. ಕರೆಂಟ್ ತಂತಿ ಮಾತ್ರ ಬೇಡ. ರಾತ್ರಿ ಮನುಷ್ಯರು ಓಡಾಡುವ ಜಾಗ.

ಅಂಕೋಲಾ ಹುಡುಗ | ಜನವರಿ 19

ಬಲೆ ಕಟ್ಟಿದ್ದು ಒಳ್ಳೆಯದಾಯಿತು, ಪಕ್ಕದ ಗದ್ದೆಯ ಗೆಣಸು ಹಂದಿಗೆ ಹೋಯಿತು. ಜಿಪ್ಸಂ ಹಾಕಿ ಮಣ್ಣು ಏರಿಸಿ ಆಯಿತು. ಆರು ದಿನಕ್ಕೊಮ್ಮೆ ನೀರು, ಪಂಪು ಸಾಕಾಗುತ್ತಿದೆ. ಮೂರು ಎಕರೆ ಹಾಕಿದ್ದರೆ ಏನಾಗುತ್ತಿತ್ತು ಅಂತ ಈಗ ಗೊತ್ತಾಗುತ್ತಿದೆ.

ಒಂದು ತೊಂದರೆ. ಕೆಲವು ಗಿಡ ಇದ್ದಕ್ಕಿದ್ದ ಹಾಗೆ ಬಾಡುತ್ತಿವೆ. ಬುಡದಲ್ಲಿ ಬಿಳಿ ನೂಲಿನಂಥದ್ದು, ಅದರಲ್ಲಿ ಸಾಸಿವೆ ಕಾಳಿನ ಹಾಗೆ ಕಂದು ಚುಕ್ಕೆ.

ಶಿರಸಿ ಕೃಷಿ ಓದಿದವಳು | ಜನವರಿ 19

ಬುಡ ಕೊಳೆ ರೋಗ. ಆ ಸಾಸಿವೆಯೇ ಅದರ ಬೀಜ. ಬಾಡಿದ ಗಿಡವನ್ನು ಬುಡದ ಮಣ್ಣಿನ ಸಮೇತ ಚೀಲಕ್ಕೆ ಹಾಕಿ ಗದ್ದೆಯ ಹೊರಗೆ ಸುಡಿ, ಅಂಚಿಗೆ ಎಸೆಯಬೇಡಿ. ಅಲ್ಲಿ ನೀರು ನಿಲ್ಲುತ್ತಿದೆಯಾ ನೋಡಿ. ಟ್ರೈಕೋಡರ್ಮಾ ಬೆರೆಸಿದ ಹಳೆ ಸಗಣಿ ಗೊಬ್ಬರವನ್ನು ಸುತ್ತಲಿನ ಗಿಡಗಳ ಬುಡಕ್ಕೆ ಹಾಕಿ. ಹರಡುತ್ತಾ ಹೋದರೆ ಒಂದು ಗಿಡ ಹಿಡಿದುಕೊಂಡು ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ತೋರಿಸಿ, ಔಷಧಿ ಅಲ್ಲಿಂದಲೇ ಬರೆಸಿಕೊಳ್ಳಿ.

ಅಂಕೋಲಾ ಹುಡುಗ | ಜನವರಿ 27

ಮೂವತ್ತೆರಡು ಗಿಡ ಹೋಯಿತು. ಅಲ್ಲಿಗೆ ನಿಂತಿತು. ಮಡಿಯ ಮೂಲೆಯಲ್ಲಿ ನೀರು ನಿಲ್ಲುತ್ತಿತ್ತು, ಕಾಲುವೆ ತೋಡಿ ಬಿಟ್ಟೆ.

ಅಂಕೋಲಾ ಹುಡುಗ | ಮಾರ್ಚ್ 1

ಮೊದಲ ಮೂರು ಗುಂಟೆ ಹಸಿಗೆ ಕಿತ್ತು ಇವತ್ತು ಕಾರವಾರ ಸಂತೆಗೆ ಒಯ್ದೆ. ಎರಡು ಚೀಲ. ಹೇಗೆ ಕೂಗಬೇಕು ಅಂತಲೂ ಗೊತ್ತಿರಲಿಲ್ಲ. ಪಕ್ಕದಲ್ಲಿ ಸೊಪ್ಪು ಮಾರುತ್ತಿದ್ದ ಹಾಲಕ್ಕಿ ಸಮುದಾಯದ ಅಜ್ಜಿ ನಾಲ್ಕು ಕಾಯಿ ಒಡೆದು ಸಾಲಾಗಿ ಇಡು, ಬೀಜ ಕಾಣಲಿ ಅಂದರು. ಇಟ್ಟೆ. ಹನ್ನೊಂದೂವರೆಗೆ ಚೀಲ ಖಾಲಿ. ಅಜ್ಜಿಗೆ ಒಂದು ಸೇರು ಕೊಟ್ಟು ಬಂದೆ.

ಉಳಿದದ್ದನ್ನು ಯಾವಾಗ ಕೀಳಲಿ?

ಬೆಳಂಬಾರ ಗದ್ದೆ | ಮಾರ್ಚ್ 1

ಅಜ್ಜಿ ಹೇಳಿದ್ದು ನನಗೂ ಹೊಸದು. ನೆನಪಿಟ್ಟುಕೊಳ್ಳುತ್ತೇನೆ.

ಕ್ಯಾಲೆಂಡರ್ ನೋಡಬೇಡ, ಸಿಪ್ಪೆಯ ಒಳಗೆ ನೋಡು. ಗದ್ದೆಯ ನಾಲ್ಕು ಕಡೆ ಬುಡ ಕಿತ್ತು ಹತ್ತು ಕಾಯಿ ಒಡೆ. ಸಿಪ್ಪೆಯ ಒಳಮೈ ಬೆಳ್ಳಗಿದ್ದರೆ ಎಳೆಯದು. ಕಂದು ಕಪ್ಪು ಕಲೆ ಬಿದ್ದಿದ್ದರೆ ಬಲಿತಿದೆ. ಹತ್ತರಲ್ಲಿ ಏಳೆಂಟು ಕಪ್ಪಾದ ದಿನ ಕೀಳು. ತಡ ಮಾಡಿದರೆ ತೊಟ್ಟು ಸಡಿಲಾಗಿ ಮಣ್ಣಲ್ಲೇ ಉಳಿಯುತ್ತದೆ.

ಮನೆಗೆ ಒಣಗಿಸುವುದನ್ನು ಬಿಸಿಲಿಗೆ ಹಾಕು. ಕೈಯಲ್ಲಿ ಅಲ್ಲಾಡಿಸಿದರೆ ಗಲಗಲ ಅನ್ನಬೇಕು, ಬೀಜ ಉಜ್ಜಿದರೆ ಸಿಪ್ಪೆ ಬಿಡಬೇಕು. ಬೀಜಕ್ಕೆ ಇಡುವುದನ್ನು ಮಾತ್ರ ಉರಿಬಿಸಿಲಿಗೆ, ಸಿಮೆಂಟ್ ಅಂಗಳಕ್ಕೆ ಹಾಕಬೇಡ. ಬಳ್ಳಿಯ ಸಮೇತ ಸಣ್ಣ ಕಟ್ಟು ಕಟ್ಟಿ, ಕಾಯಿ ಒಳಗೆ ಬರುವ ಹಾಗೆ ನೆರಳಲ್ಲಿ ಒಟ್ಟು. ಆಮೇಲೆ ಕಾಯಿಯನ್ನೇ ಗೋಣಿಯಲ್ಲಿ ಹಾಕಿ ಹಲಗೆಯ ಮೇಲಿಡು. ಮಳೆಗಾಲದ ನಮ್ಮ ತೇವಕ್ಕೆ ಗೋಡೆಗೆ ತಾಗಿಸಬೇಡ. ಸೌದೆ ಒಲೆ ಇದ್ದರೆ ಅದರ ಮೇಲಿನ ಅಟ್ಟವೇ ಒಳ್ಳೆಯ ಜಾಗ.

ಅಂಕೋಲಾ ಹುಡುಗ | ಮಾರ್ಚ್ 11

ಮೊನ್ನೆ ಹತ್ತರಲ್ಲಿ ಆರು ಕಪ್ಪು. ಇವತ್ತು ಎಂಟು. ಒಂದು ಒಳ್ಳೆಯ ಬುಡದಲ್ಲಿ ಅಪ್ಪ 23 ಕಾಯಿ ಎಣಿಸಿದರು, ಎರಡು ಜೊಳ್ಳು.

ಭಾನುವಾರ ಬೆಳಿಗ್ಗೆ ಕೀಳುತ್ತೇವೆ. ಹತ್ತಿರದವರು ಯಾರಾದರೂ ಮುಯ್ಯಾಳಿಗೆ ಬರುವುದಿದ್ದರೆ ಬನ್ನಿ. ನಿಮ್ಮ ಗದ್ದೆಗೆ ನಾನೂ ಅಮ್ಮನೂ ಬರುತ್ತೇವೆ. ಬೀಜಕ್ಕೆ ಒಂದು ಚೀಲ ಬೇರೆ ತೆಗೆದಿಡುತ್ತೇನೆ, ಹೊನ್ನಾವರದ ಅಣ್ಣನಿಗೆ ಅದರಲ್ಲಿ ಐದು ಕಿಲೋ. ಈ ಸಲ ನವೆಂಬರಿನಲ್ಲೇ ಬಿತ್ತಿ ಅಣ್ಣ.

ಹೊನ್ನಾವರ ಮೂಲೆಮನೆ | ಮಾರ್ಚ್ 11

ಬರುತ್ತೇನೆ. ಅಮ್ಮನನ್ನೂ ಕರೆದುಕೊಂಡು ಬರುತ್ತೇನೆ, ಬುಟ್ಟಿ ನಮ್ಮದೇ ತರುತ್ತೇವೆ.